ಮರುಳಪ್ಪನವರ ಲಾರಿಗೆ ಹಚ್ಚಿದ ವಿಭೂತಿ

ಲಾರಿ ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡಬೇಕು ಎಂದು ಯಾರಾದರೂ ಕೇಳಿದರೆ, ಮಾಲೀಕನ ಮುಖ ನೋಡಿ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದು ಹುಡುಗರು ನಗುತ್ತಾರೆ. ನಗಲಿ. ಎಂಜಿನ್ನಿಗೆ ಬರುವ ರೋಗಗಳು ನಾಲ್ಕಾರು, ಅವನ್ನು ಕಲಿತುಬಿಡಬಹುದು. ಮಾಲೀಕರಿಗೆ ಬರುವ ರೋಗಗಳಿಗೆ ಕೊನೆಯಿಲ್ಲ, ಅವು ಒಮ್ಮೊಮ್ಮೆ ಎಂಜಿನ್ನಿಗೂ ಅಂಟುತ್ತವೆ. ಹಾಗೆ ಅಂಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನೇ ಇಲ್ಲಿ ಬರೆಯುತ್ತಿರುವುದು.

ನಾನು ಎಷ್ಟು ಸಲ ಬಡ್ತಿ ಪಡೆದೆ, ಕೊನೆಗೆ ಯಾವ ಕುರ್ಚಿಯಲ್ಲಿ ಕುಳಿತು ನಿವೃತ್ತನಾದೆ ಎಂಬುದರಿಂದ ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಏನೂ ಉಪಯೋಗವಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ನಾನು ಒಂದು ಲಾರಿಯನ್ನೂ ರಿಪೇರಿ ಮಾಡಲಿಲ್ಲ. ಕಲಿತದ್ದೆಲ್ಲ ಲಾರಿಯ ಕೆಳಗೆ ಅಂಗಾತ ಮಲಗಿ ಕಲಿತದ್ದು.

ನಮ್ಮ ತಂದೆ ಶಿವಮೊಗ್ಗದಲ್ಲಿ ಪುರೋಹಿತರು. ನನ್ನನ್ನೂ ಅದೇ ದಾರಿಗೆ ಹಚ್ಚಬೇಕೆಂದು ಬಹಳ ಪ್ರಯತ್ನ ಪಟ್ಟರು. ನಾನು ಮಂತ್ರ ಬಾಯಿಪಾಠ ಮಾಡುತ್ತಲೇ ಬೀದಿಯಲ್ಲಿ ಹೋಗುವ ಲಾರಿಗೆ ಕಿವಿ ಕೊಡುತ್ತಿದ್ದೆ. ಐವತ್ತರ ದಶಕದ ನಡುವಿನಲ್ಲಿ, ತೀರ್ಥಹಳ್ಳಿ ರಸ್ತೆಯ ಹುಣಸೆಮರದ ಕೆಳಗಿದ್ದ ಒಂದು ಗ್ಯಾರೇಜಿಗೆ ಸೇರಿಬಿಟ್ಟೆ. ತಂದೆಯವರು ಮಾತು ಬಿಡಲಿಲ್ಲ. ಆದರೆ ಸ್ನಾನ ಮಾಡದೆ ಹೊಸಿಲು ದಾಟಗೊಡುತ್ತಿರಲಿಲ್ಲ. ಊರಿನವರು ನನಗೆ ಗ್ರೀಸ್ ಭಟ್ಟ ಎಂದು ಹೆಸರಿಟ್ಟರು. ಎದುರಿಗೆ ಮಾತ್ರ ‘ಭಟ್ರೇ’ ಎನ್ನುತ್ತಿದ್ದರು.

ಭಟ್ಟನಾಗಿ ಮೆಕ್ಯಾನಿಕ್ ಆಗುವುದರ ಫಜೀತಿ ಬೇರೆಯವರಿಗೆ ಗೊತ್ತಾಗುವುದಿಲ್ಲ. ಒಬ್ಬ ಬಸ್ ಮಾಲೀಕನ ಗಾಡಿಗೆ ಹೊಸ ಪ್ಲಗ್ ಹಾಕಿ, ಮುಂದಿನಿಂದ ಎಂಜಿನ್ ತಿರುಗಿಸುವ ಹ್ಯಾಂಡಲ್ ಹೊಡೆಯುವಾಗ ಆಯಾಸಕ್ಕೆ ಬಾಯಿಂದ ‘ನಾರಾಯಣ’ ಎಂದು ಬಂತು. ಗಾಡಿ ಸ್ಟಾರ್ಟ್ ಆಯಿತು. ಮುಂದಿನ ತಿಂಗಳು ಆತ ಬಂದು, ಪ್ಲಗ್ ಬದಲಿಸುವುದು ಬೇಡ, ಆ ಮಂತ್ರ ಒಂದನ್ನೇ ಹೇಳಿ ಸಾಕು ಎಂದು ಪಟ್ಟು ಹಿಡಿದ.

ಗ್ಯಾರೇಜಿನ ಯಜಮಾನರು ಕರೀಂ ಸಾಹೇಬರು. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಅವರ ವಿದ್ಯೆಯೆಲ್ಲ ನಾಲಿಗೆಯಲ್ಲಿತ್ತು. ಪೆಟ್ರೋಲನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ, ಸೀಮೆಎಣ್ಣೆ ಬೆರೆತಿದೆ, ನೀರು ಸೇರಿದೆ ಎಂದು ಹೇಳುತ್ತಿದ್ದರು, ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಿತ್ತು. ಒಂದು ದಿನ ಮಾತ್ರ ಪೆಟ್ರೋಲು ನೆಕ್ಕಿ ಉಗಿದು, ಕೆಂಪಾಗಿದೆ ನೋಡಿ, ಟ್ಯಾಂಕ್ ಪೂರಾ ತುಕ್ಕು ಎಂದರು. ಟ್ಯಾಂಕ್ ಇಳಿಸಿ, ಇಡೀ ಹಗಲು ಜಲ್ಲಿಕಲ್ಲು ಹಾಕಿ ಕುಲುಕಿದೆವು. ಒಂದು ಚೂರು ತುಕ್ಕು ಬೀಳಲಿಲ್ಲ. ಸಂಜೆ ಅವರು ಮತ್ತೆ ಎಲೆಯಡಿಕೆ ಹಾಕಿಕೊಂಡು ಉಗಿದಾಗ ಅದೇ ಬಣ್ಣ ಕಂಡಿತು. ನಾವು ಟ್ಯಾಂಕನ್ನು ಮತ್ತೆ ಏರಿಸಲು ಎದ್ದೆವು. ಉಸ್ತಾದ್ ಆ ಕಡೆ ತಿರುಗಿ ಹುಣಸೆಮರ ನೋಡಿದರು.

ಅವರು ನನಗೆ ಕೊಟ್ಟ ಪಾಠ ಒಂದೇ.

“ಬೇಟಾ, ನಲ್ಲೀಲಿ ನೀರು ಬರ್ಲಿಲ್ಲ ಅಂದ್ರೆ ಏನು ಮಾಡ್ತೀಯ?”

“ನಲ್ಲಿ ಬಿಚ್ಚಿ ನೋಡ್ತೀನಿ ಉಸ್ತಾದ್.”

“ಗಧಾ. ಮೊದ್ಲು ಹೊಳೇಲಿ ನೀರಿದೆಯಾ ನೋಡು.”

ಎಂದರೆ, ಪೆಟ್ರೋಲು ಎಲ್ಲಿಂದ ಹೊರಡುತ್ತದೋ ಅಲ್ಲಿಂದ ನಾವೂ ಹೊರಡಬೇಕು. ಟ್ಯಾಂಕು, ಪೈಪು, ಪಂಪು, ಕಾರ್ಬ್ಯುರೇಟರ್, ಈ ಕ್ರಮ ತಪ್ಪಬಾರದು. ಈ ಪಾಠವನ್ನು ನಾನು ಮರೆತವನಲ್ಲ. ಆದರೆ ಟ್ಯಾಂಕನ್ನು ಮುಟ್ಟುವ ಹಾಗೇ ಇಲ್ಲ ಎಂದರೆ ಪಾಠ ಏನು ಮಾಡೀತು?

ಮರುಳಪ್ಪನವರು ಗಾಂಧಿ ಬಜಾರಿನ ದೊಡ್ಡ ದಿನಸಿ ವರ್ತಕರು. ನೇಮನಿಷ್ಠೆಯ ಮನುಷ್ಯ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ತೊಟ್ಟು ನೀರು ಕುಡಿಯುವವರಲ್ಲ, ತಕ್ಕಡಿ ಹಿಡಿದರೆ ಮುಳ್ಳು ನೆಟ್ಟಗೆ ನಿಲ್ಲದೆ ಕೈ ಬಿಡುವವರಲ್ಲ. ಅವರ ಭಾವಮೈದುನ ಭದ್ರಾವತಿಯಲ್ಲಿ ಅಂಗಡಿ ಇಟ್ಟಿದ್ದ. ಅಲ್ಲಿಗೆ ಅಕ್ಕಿ, ಬೆಲ್ಲ, ಎಣ್ಣೆ ಸಾಗಿಸಲು ಮಿಲಿಟರಿಯವರು ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾರಿದ ಒಂದು ಹಳೇ ಪೆಟ್ರೋಲ್ ಲಾರಿ ಕೊಂಡಿದ್ದರು. ಎಲ್ಲೋ ಮರುಭೂಮಿಯಲ್ಲಿ ಓಡಿದ್ದಂತೆ ಅದು. ಬಾಗಿಲ ಸಂದಿಯಲ್ಲಿ ಮರಳು ಸಿಗುತ್ತಿತ್ತು. ಪೆಟ್ರೋಲು ತೋರಿಸುವ ಮುಳ್ಳು ಯುದ್ಧಕಾಲದಿಂದಲೇ ‘ಫುಲ್’ ಎಂಬಲ್ಲಿ ಅಂಟಿಕೊಂಡು ಕೂತಿತ್ತು. ಆದ್ದರಿಂದ ಮರುಳಪ್ಪನವರು ಒಂದು ಬಿದಿರು ಕೋಲಿಗೆ ಗೆರೆ ಕೊರೆದು, ಅದನ್ನು ಟ್ಯಾಂಕಿನೊಳಗೆ ಇಳಿಸಿ ಅಳೆಯುತ್ತಿದ್ದರು.

ಲಾರಿಯ ಡ್ರೈವರ್ ಮುನಿಸ್ವಾಮಿ. ಅವನ ಅಪ್ಪ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಭದ್ರಾವತಿಗೆ ಬಂದವನು. ಮುನಿಸ್ವಾಮಿ ಭದ್ರಾವತಿಯಲ್ಲೇ ಹುಟ್ಟಿದವನು, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದ, ಬೈಯುವಾಗ ಮತ್ತು ದೇವರನ್ನು ಕರೆಯುವಾಗ ಮಾತ್ರ ತಮಿಳು. ಹೆಂಡತಿ ಮಕ್ಕಳು ಅಲ್ಲಿಯೇ ಒಂದು ವಠಾರದಲ್ಲಿದ್ದರು. ಒಳ್ಳೆಯ ಕೈ. ಆ ಲಾರಿಯ ಗೇರನ್ನು ಸದ್ದಿಲ್ಲದೆ ಹಾಕುವುದು ಅವನೊಬ್ಬನಿಗೇ ಬರುತ್ತಿತ್ತು.

ಒಂದು ದಿನ ಆ ಲಾರಿ ಮಾಚೇನಹಳ್ಳಿಯ ಆಚೆ ನಿಂತಿತು. ಈಗ ಅಲ್ಲಿ ಸಾಲಾಗಿ ಶೆಡ್ಡುಗಳಿವೆ. ಆಗ ಹೊಲ, ಜಾಲಿ, ಒಂದು ಅರಳಿಕಟ್ಟೆ, ಅಷ್ಟೆ. ಆ ಸಲ ನಿಜವಾಗಿಯೂ ಪೆಟ್ರೋಲು ಮುಗಿದಿತ್ತು. ಕೋಲಿನ ಗೆರೆ ಸವೆದು ಅಳತೆ ತಪ್ಪಿತ್ತು, ಅಷ್ಟೇ ವಿಷಯ. ಆದರೆ ಭಾವಮೈದುನ ಮರುಳಪ್ಪನವರ ಕಿವಿಯಲ್ಲಿ ಊದಿದ.

“ಭಾವ, ಪೆಟ್ರೋಲ್ ತಾನಾಗೇ ಮುಗಿಯಲ್ಲ. ಯಾರೋ ಮುಗಿಸ್ತಾರೆ.”

ತೂಕ ತಪ್ಪದ ಮನುಷ್ಯನಿಗೆ ಅನುಮಾನ ಹೊಕ್ಕರೆ ಅದೂ ತೂಕ ತಪ್ಪುವುದಿಲ್ಲ. ಮೊದಲು ಕ್ಲೀನರನ್ನು ಬಿಡಿಸಿದರು. ಒಬ್ಬನಿದ್ದರೆ ಕಳ್ಳತನ, ಇಬ್ಬರಿದ್ದರೆ ವ್ಯಾಪಾರ ಎಂಬುದು ಅವರ ವಾದ. ಆಮೇಲೆ ಟ್ಯಾಂಕಿಗೆ ಬೀಗ ಹಾಕಿಸಲು ನೋಡಿದರು. ಬೀಗಕ್ಕೆ ಕಳ್ಳಕೀಲಿ ಇರುತ್ತದೆ ಎಂದು ಬಿಟ್ಟರು. ಕೊನೆಗೆ ಅವರಿಗೆ ಹೊಳೆದದ್ದು ಮಾತ್ರ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಹೊಳೆಯುತ್ತಿರಲಿಲ್ಲ. ಪೆಟ್ರೋಲು ತುಂಬಿಸಿ, ಮುಚ್ಚಳ ತಿರುಗಿಸಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಲಾರಿಯ ಕುಲುಕಾಟಕ್ಕೆ ಉದುರದಿರಲಿ ಎಂದು ಅಂಗಡಿಯ ಗೋಂದು ಬೆರೆಸಿ, ಮುಚ್ಚಳದ ಮೇಲೆ ಮೂರು ಪಟ್ಟೆ ಬಳಿದರು. ಪಟ್ಟೆಗಳು ಮುಚ್ಚಳದ ಅಂಚು ದಾಟಿ ಟ್ಯಾಂಕಿನ ಮೇಲೂ ಇಳಿದವು. ಅಂಚಿನ ಸುತ್ತಲೂ ಬೆರಳಿನಿಂದ ಒತ್ತಿ ಮೆತ್ತಿದರು.

“ಬೀಗ ಒಡೆಯೋ ಕಳ್ಳ ಇದಾನೆ. ಶಿವನ ವಿಭೂತಿ ಅಳಿಸೋ ಕಳ್ಳ ಇನ್ನೂ ಹುಟ್ಟಿಲ್ಲ,” ಎಂದರು. “ನಾನಿಲ್ದಾಗ ಇದನ್ನ ಮುಟ್ಟಿದೋನೇ ಕಳ್ಳ.”

ಅಲ್ಲಿಂದ ಶುರುವಾಯಿತು. ಲಾರಿ ಶಿವಮೊಗ್ಗದಿಂದ ಚೆನ್ನಾಗಿ ಹೊರಡುತ್ತಿತ್ತು, ಮಾಚೇನಹಳ್ಳಿ ದಾಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಮುನಿಸ್ವಾಮಿ ಹ್ಯಾಂಡಲ್ ಹೊಡೆದು ಹೊಡೆದು ಅಂಗೈ ಬೊಬ್ಬೆಯಾದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಹೋಗಿಬರುವ ಬಸ್ಸಿನವರ ಕೈಲಿ ಮರುಳಪ್ಪನವರಿಗೆ ಹೇಳಿಕಳಿಸುತ್ತಿದ್ದ. ಅವರು ಕೋಲು, ವಿಭೂತಿ, ಗೋಂದಿನ ಕರಟ ಎಲ್ಲ ಹಿಡಿದು ಮುಂದಿನ ಬಸ್ಸಿಗೆ ಬರುತ್ತಿದ್ದರು. ವಿಭೂತಿ ಹಾಗೆಯೇ ಇದೆಯೇ ಎಂದು ನೋಡಿ, ನಮಸ್ಕಾರ ಮಾಡಿ, ತಮ್ಮ ಕೈಯಾರೆ ಮುಚ್ಚಳ ತೆಗೆದು, ಕೋಲು ಇಳಿಸಿ ಅಳೆಯುತ್ತಿದ್ದರು. ಪೆಟ್ರೋಲು ಸರಿಯಾಗಿ ಇರುತ್ತಿತ್ತು. ಆಮೇಲೆ ಮುನಿಸ್ವಾಮಿ ಸ್ವಲ್ಪ ಹ್ಯಾಂಡಲ್ ಹೊಡೆದರೆ ಸಾಕು, ಲಾರಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಗಿಬಿಡುತ್ತಿತ್ತು.

ಪೆಟ್ರೋಲು ಸರಿಯಾಗಿದ್ದರೆ ಡ್ರೈವರ್ ಕಳ್ಳನಲ್ಲ ಎಂದು ನೀವು ಹೇಳುತ್ತೀರಿ. ನೀವು ಮರುಳಪ್ಪನವರನ್ನು ಕಂಡವರಲ್ಲ. ಅವರ ಲೆಕ್ಕ ಬೇರೆ. ಕದಿಯಬೇಕೆಂದು ಇವನು ಮನಸ್ಸು ಮಾಡುತ್ತಾನೆ, ಮನಸ್ಸು ಮಾಡಿದ ಕೂಡಲೇ ವಿಭೂತಿ ಲಾರಿಯನ್ನು ನಿಲ್ಲಿಸುತ್ತದೆ, ಯಜಮಾನ ಬಂದು ಮುಟ್ಟಿದ ಮೇಲೆ ಬಿಡುತ್ತದೆ.

ಈ ಸಿದ್ಧಾಂತ ಗಾಂಧಿ ಬಜಾರಿನಲ್ಲಿ ಬೆಲ್ಲಕ್ಕಿಂತ ಜೋರಾಗಿ ಖರ್ಚಾಯಿತು. ಬೇರೆ ಲಾರಿಗಳವರೂ ತಮ್ಮ ಕೆಟ್ಟ ಗಾಡಿ ಮುಟ್ಟಿಕೊಡಿ ಎಂದು ಮರುಳಪ್ಪನವರನ್ನು ಕರೆಯತೊಡಗಿದರು. ಅವರು ಸಂಕೋಚಪಡುತ್ತಲೇ ಹೋಗಿ ಮುಟ್ಟುತ್ತಿದ್ದರು. ಹತ್ತರಲ್ಲಿ ಒಂದೆರಡು ಹೇಗೂ ಸ್ಟಾರ್ಟ್ ಆಗುತ್ತವೆ. ಊರಿಗೆ ಅಷ್ಟು ಸಾಕು. ನಮ್ಮ ಗ್ಯಾರೇಜಿಗೆ ಗಿರಾಕಿ ಕಡಿಮೆಯಾದರು.

ಇದರಲ್ಲೆಲ್ಲ ಸೊರಗಿದವನು ಮುನಿಸ್ವಾಮಿ. ಒಂದು ದಿನ ಗ್ಯಾರೇಜಿನ ಕಲ್ಲಿನ ಮೇಲೆ ಬಂದು ಕೂತ. ಮುಖ ಬಾಡಿತ್ತು.

“ಭಟ್ರೇ, ನಿಜವಾಗ್ಲೂ ನಾನು ಪೆಟ್ರೋಲ್ ಮುಟ್ಟಿಲ್ಲ. ಆದ್ರೆ ಮನಸ್ಸಿಗೆ ಬೀಗ ಹಾಕೋದು ಹೆಂಗೆ? ಪೆಟ್ರೋಲ್ ನೆನೆಸ್ಬಾರ್ದು ಅಂತ ಅಂದ್ಕೊಂಡು ಗಾಡಿ ಎತ್ತೀನಿ. ಮುರುಗಾ ಮುರುಗಾ ಅಂತ ಹೇಳ್ಕೊಂಡೇ ಹೋಯ್ತೀನಿ. ಮಾಚೇನಹಳ್ಳಿ ಬರ್ತಿದ್ದಂಗೆ, ಅಬ್ಬಾ ಇವತ್ತು ಪೆಟ್ರೋಲ್ ನೆನಪಾಗ್ಲಿಲ್ಲ ಅಂತ ಅನ್ಸುತ್ತೆ. ಅಷ್ಟೇ, ಗಾಡಿ ನಿಂತೋಯ್ತದೆ.”

ನಾನು ನಗಬಾರದಿತ್ತು, ನಕ್ಕೆ. ಅವನು ನಗಲಿಲ್ಲ.

“ಸಾಹುಕಾರ್ರು ಹೇಳ್ಬಿಟ್ಟಿದಾರೆ. ಇನ್ನೊಂದು ಸಲ ನಿಂತ್ರೆ ಕೆಲಸ ಬಿಡು ಅಂತ. ಬಿಟ್ಟು ಎಲ್ಲಿಗೆ ಹೋಗ್ಲಿ ಹೇಳಿ. ದೇವ್ರೇ ಹಿಡಿದ ಕಳ್ಳ ಅಂತ ಊರೆಲ್ಲ ಆಗಿದೆ. ಯಾವ ಮಾಲೀಕ ನನ್ ಕೈಗೆ ಸ್ಟಿಯರಿಂಗ್ ಕೊಡ್ತಾನೆ? ನನ್ ಹೆಂಡ್ತಿನೇ ಮೊನ್ನೆ ಕೇಳಿದ್ಲು, ಒಂದೇ ಒಂದ್ಸಲ ಕದ್ದಿದ್ರೆ ಹೇಳ್ಬಿಡಿ, ಹರಕೆ ಕಟ್ಟೋಣ ಅಂತ.”

ಈ ಮಾತು ಕೇಳಿ ನನ್ನ ನಗು ಇಂಗಿಹೋಯಿತು. ಇವನ ಅನ್ನ ಈಗ ಆ ಲಾರಿ ನಿಲ್ಲುವುದು ಬಿಡುವುದರ ಮೇಲೆ ನಿಂತಿತ್ತು.

ಮರುಳಪ್ಪನವರು ಲಾರಿಯನ್ನು ಗ್ಯಾರೇಜಿಗೆ ಬಿಡಲು ಒಪ್ಪಿದರು, ಆದರೆ ಷರತ್ತಿನ ಮೇಲೆ. ಎಲ್ಲ ಬಿಚ್ಚಿ, ಮುಚ್ಚಳ ಮಾತ್ರ ಮುಟ್ಟಬೇಡಿ. ಎಂದರೆ, ಎಲ್ಲಾದರೂ ನೋಡಿ, ಹೊಳೆಯನ್ನು ಮಾತ್ರ ನೋಡಬೇಡಿ.

ಉಸ್ತಾದ್ ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತರು.

“ನಾನು ಮುಟ್ಟಿದ್ರೆ ನಾಳೆ ಬಜಾರಲ್ಲಿ ಬೇರೆ ಮಾತಾಗುತ್ತೆ ಬೇಟಾ. ನೀನು ಭಟ್ರ ಮಗ, ನೀನೇ ತೆಗಿ.”

ನಾನು ತೆಗೆದರೂ ಮಾತಾಗುತ್ತದೆ, ಬೇರೆ ಥರದ ಮಾತು. ಮನೆಗೆ ಹೋಗಿ ತಂದೆಯವರನ್ನು ಕೇಳಿದೆ, ಲಾರಿಗೆ ಹಚ್ಚಿದ ವಿಭೂತಿಯನ್ನು ತೆಗೆಯುವುದಕ್ಕೆ ಶಾಸ್ತ್ರದಲ್ಲಿ ಏನು ಹೇಳಿದೆ ಎಂದು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು.

“ತೆಗೆಯೋದಕ್ಕೆ ವಿಧಿ ಇಲ್ಲ,” ಎಂದರು. “ಯಾಕಂದ್ರೆ ಹಚ್ಚೋದಕ್ಕೂ ಇಲ್ಲ.”

ಸರಿ, ನಾವು ನಲ್ಲಿಯ ಕಡೆಯಿಂದಲೇ ಹೊರಟೆವು. ಇಲ್ಲಿ ಒಂದು ವಿಚಿತ್ರ ಕಂಡಿತು. ಏನು ಮಾಡಿದರೂ ಲಾರಿ ಗುಣವಾಗುತ್ತಿತ್ತು. ಪಂಪಿನಿಂದ ಪೈಪು ಬಿಚ್ಚಿ, ಬಾಯಿಟ್ಟು ಊದಿ, ಮತ್ತೆ ಹಾಕಿದೆವು. ಸ್ಟಾರ್ಟ್ ಆಯಿತು. ಪೈಪಿನಲ್ಲಿ ಕಸ ಇತ್ತು ಎಂದರು ಉಸ್ತಾದ್. ಮರುದಿನ ಲಾರಿ ಮಾಚೇನಹಳ್ಳಿಯಾಚೆ ನಿಂತಿತು. ಎಳೆಸಿಕೊಂಡು ತಂದು, ಪೈಪು ಬಿಚ್ಚಿ ಪಂಪು ಇಳಿಸಿ ಅದರ ಒಳಗಿನ, ಪೆಟ್ರೋಲು ಎಳೆಯುವ ಪರದೆ ಬದಲಿಸಿದೆವು. ಸ್ಟಾರ್ಟ್ ಆಯಿತು. ಪಂಪಿನದೇ ದೋಷ ಎಂದರು. ಮತ್ತೆ ನಿಂತಿತು. ಪೈಪು ಬಿಚ್ಚಿ ಹೊಸ ಪೈಪು ಹಾಕಿದೆವು, ಅದಕ್ಕೂ ಸ್ಟಾರ್ಟ್ ಆಯಿತು. ಯಾವ ಔಷಧಿ ಕೊಟ್ಟರೂ ವಾಸಿಯಾಗುವ ರೋಗವನ್ನು ನಂಬಬಾರದು ಎಂದು ನಾನು ಕಲಿತದ್ದು ಆಗ.

ಪ್ರತಿ ಸಲ ನಿಂತಾಗಲೂ ಮುನಿಸ್ವಾಮಿಯ ಕೆಲಸ ಹೋಗುತ್ತಿತ್ತು. ರಿಪೇರಿ ಆಗುತ್ತಿದೆಯಲ್ಲ, ಈ ಸಲ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಉಸ್ತಾದ್ ಹೋಗಿ ಬೇಡಿಕೊಂಡು ಅದನ್ನು ವಾಪಸು ತರುತ್ತಿದ್ದರು. ಹೀಗೆ ಎಷ್ಟು ದಿನ?

ಕೊನೆಯ ಸಲ ಪಂಪಿನಲ್ಲಿ ಕಸ ತಂಗುವ ಗಾಜಿನ ಬಟ್ಟಲು ಬಿಚ್ಚಿದಾಗ ತಳದಲ್ಲಿ ಬೆಳ್ಳಗೆ ಏನೋ ಕೂತಿತ್ತು. ಉಸ್ತಾದ್ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ನೋಡಿರಲಿಲ್ಲ.

“ಬೂದಿ ಬೇಟಾ. ಈ ಲಾರೀಲಿ ಪೆಟ್ರೋಲು ಉರಿಯೋಕ್ ಮುಂಚೇನೇ ಬೂದಿ ಆಗಿದೆ.”

ಅದನ್ನು ಕೇಳಿ ನಾನೂ ಹೆದರಿದೆ. ಈಗ ಯೋಚಿಸಿದರೆ, ಉತ್ತರ ಅವರ ನಾಲಿಗೆಯ ಮೇಲೇ ಇತ್ತು. ಆದರೆ ಹೆದರಿದವನ ತಲೆಗೆ ರುಚಿ ಹತ್ತುವುದಿಲ್ಲ.

ಕೊನೆಗೆ ನಾನೇ ಮರುಳಪ್ಪನವರ ಅಂಗಡಿಗೆ ಹೋಗಿ, ಒಂದು ಸಲ ಲಾರಿಯಲ್ಲಿ ಕೂತು ಭದ್ರಾವತಿಯವರೆಗೆ ಹೋಗುತ್ತೇನೆ, ನಿಲ್ಲುವಾಗ ಏನಾಗುತ್ತದೆ ನೋಡಬೇಕು ಎಂದೆ. ಅವರು ಒಪ್ಪಿದರು.

“ನಾನೂ ಬರ್ತೀನಿ ಭಟ್ರೇ. ನಾನು ಒಳಗಿದ್ರೆ ಅದು ನಿಲ್ಲಲ್ಲ. ಆಗ ಇವನದೇ ತಪ್ಪು ಅಂತ ನಿಮಗೂ ಗೊತ್ತಾಗುತ್ತೆ, ಇವತ್ತಿಗೇ ಇತ್ಯರ್ಥ ಆಗ್ಲಿ.”

ಮುನಿಸ್ವಾಮಿ ನನ್ನ ಮುಖ ನೋಡಿದ. ನಿಂತರೂ ಅವನ ಕೆಲಸ ಹೋಗುತ್ತದೆ, ನಿಲ್ಲದಿದ್ದರೂ ಹೋಗುತ್ತದೆ. ನಾನು ಅವನಿಗೆ ಮಾಡಿದ ಉಪಕಾರ ಅದು.

ಬೆಳಿಗ್ಗೆ ಹೊರಟೆವು. ಹಿಂದೆ ಅಕ್ಕಿ ಮೂಟೆ, ಬೆಲ್ಲದ ಪೆಂಟೆ, ಎಣ್ಣೆ ಡಬ್ಬಗಳು. ಮುಂದೆ ನಾವು ಮೂವರು, ನಡುವೆ ಮರುಳಪ್ಪನವರು, ತೊಡೆಯ ಮೇಲೆ ಬಿದಿರು ಕೋಲು. ಹೊಳೆಯ ಕಡೆಯ ಗಾಳಿ ತಣ್ಣಗೆ ಬೀಸುತ್ತಿತ್ತು. ಮುನಿಸ್ವಾಮಿಯ ತುಟಿ ಅಲುಗುತ್ತಲೇ ಇತ್ತು. ಮರುಳಪ್ಪನವರು ನೆಮ್ಮದಿಯಾಗಿ ಬಯಲು ನೋಡುತ್ತಿದ್ದರು. ಮಾಚೇನಹಳ್ಳಿ ಬಂತು, ಹೋಯಿತು.

“ನೋಡಿದ್ರಾ,” ಎಂದು ಅವರು ನನ್ನ ಕಡೆ ತಿರುಗಿದರು.

ಲಾರಿ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಮುಗ್ಗರಿಸುತ್ತಾ ಅರಳಿಕಟ್ಟೆಯವರೆಗೆ ಹೋಗಿ ನಿಂತುಬಿಟ್ಟಿತು.

ಮುನಿಸ್ವಾಮಿ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದ.

“ಇವತ್ತು ನಾನಲ್ಲ ಸಾಮಿ. ಇವತ್ತು ನಾನು ಪಳನಿ ಬೆಟ್ಟ ಹತ್ತುತಾ ಇದ್ದೆ ಮನಸ್ಸಲ್ಲಿ, ಅರ್ಧ ಹತ್ತಿದ್ದೆ.”

ಮರುಳಪ್ಪನವರು ನಿಧಾನವಾಗಿ ನನ್ನತ್ತ ನೋಡಿದರು.

“ನಾನು ಪೆಟ್ರೋಲ್ ತಗೊಂಡು ಏನು ಮಾಡ್ಲಿ ಯಜಮಾನ್ರೇ, ನನ್ನ ಹತ್ರ ಗಾಡಿನೇ ಇಲ್ಲ,” ಎಂದೆ. ನನ್ನ ದನಿ ನನಗೇ ಕಳ್ಳನ ದನಿಯ ಹಾಗೆ ಕೇಳಿಸಿತು.

ಇನ್ನು ಉಳಿದವರು ಅವರೊಬ್ಬರೇ. ಅವರಿಗೂ ಅದು ಹೊಳೆದಿರಬೇಕು. ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ನನ್ನ ಪೆಟ್ರೋಲು ನಾನೇ ಕದಿಯೋದು ಹೆಂಗೆ ಮಾರಾಯ,” ಎಂದು ತಮಗೆ ತಾವೇ ಹೇಳಿಕೊಂಡರು.

ಕೆಳಗಿಳಿದು, ನಮಸ್ಕಾರ ಮಾಡಿ, ಅವರು ಮುಚ್ಚಳಕ್ಕೆ ಕೈಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಗೋಂದು ಬಿರಿದು, ಮುಚ್ಚಳ ಸ್ವಲ್ಪ ತಿರುಗಿದ್ದೇ ತಡ, ‘ಉಸ್ಸ್’ ಎಂದು ಸದ್ದು ಕೇಳಿಸಿತು.

“ಏನದು?” ಎಂದೆ.

“ನಿಟ್ಟುಸಿರು,” ಎಂದರು ಮರುಳಪ್ಪನವರು, ಪ್ರೀತಿಯಿಂದಲೇ. “ಯಾವಾಗ್ಲೂ ಹಂಗೆ ಅದು. ನಾನು ಬಂದೆ ಅಂತ ಸಮಾಧಾನ ಆಗುತ್ತೆ ಅದಕ್ಕೆ.”

“ಹಾಗೇ ಹಿಡ್ಕೊಳ್ಳಿ ಯಜಮಾನ್ರೇ, ತೆಗೀಬೇಡಿ,” ಎಂದು ನಾನು ಬಗ್ಗಿದೆ. ಬಿರಿದ ಅಂಚಿನ ಹತ್ತಿರ ಉದುರಿದ್ದ ವಿಭೂತಿ ಪುಡಿ ಹೊರಗೆ ಹಾರುತ್ತಿರಲಿಲ್ಲ. ಒಂದೊಂದೇ ಚೂರಾಗಿ ಸಂದಿಯೊಳಗೆ ಓಡಿಹೋಗುತ್ತಿತ್ತು.

“ಇದು ಉಸಿರು ಬಿಡ್ತಾ ಇಲ್ಲ. ಎಳ್ಕೊಳ್ತಾ ಇದೆ.”

ಅವರಿಗೆ ಅರ್ಥವಾಗಲಿಲ್ಲ. ನನಗೂ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಲಾರಿಯ ಹಿಂದಿದ್ದ ಎಣ್ಣೆ ಡಬ್ಬಗಳು ಕಣ್ಣಿಗೆ ಬಿದ್ದವು.

“ಯಜಮಾನ್ರೇ, ಅಂಗಡೀಲಿ ಎಣ್ಣೆ ಡಬ್ಬ ತೂತು ಮಾಡಿ ಸುರೀತೀರಲ್ಲ, ಎಷ್ಟು ತೂತು ಮಾಡ್ತೀರಿ?”

“ಎರಡು. ಈ ಮೂಲೆಗೊಂದು, ಆ ಮೂಲೆಗೊಂದು.”

“ಒಂದೇ ಮಾಡಿದ್ರೆ?”

“ಗುಳುಗುಳು ಅಂತ ಒಂಚೂರು ಬಂದು ನಿಂತೋಗುತ್ತೆ. ಎಣ್ಣೆ ಹೊರಗ್ ಬರ್ಬೇಕಾದ್ರೆ ಗಾಳಿ ಒಳಗ್ ಹೋಗ್ಬೇಕಲ್ಲ ಭಟ್ರೇ, ಇಷ್ಟೂ ಗೊತ್ತಿಲ್ವಾ ನಿಮಗೆ, ತೂತು ಮುಚ್ಚಿದ್ರೆ ಎಣ್ಣೆ ಹೆಂಗೆ…”

ಅಲ್ಲಿಗೆ ಅವರ ಮಾತೂ ಲಾರಿಯ ಹಾಗೆಯೇ ನಿಂತಿತು.

ಮುಚ್ಚಳವನ್ನು ಪೂರ್ತಿ ತೆಗೆದು, ತಿರುಗಿಸಿ ಮುರುಗಿಸಿ ನೋಡಿದರು. ನೆತ್ತಿಯ ಮೇಲೆ, ಮೂರು ಪಟ್ಟೆಗಳ ನಡುವಿನ ಪಟ್ಟೆಯ ಕೆಳಗೆ, ಗುಂಡುಸೂಜಿಯಷ್ಟು ಒಂದು ತೂತು, ಅದರ ತುಂಬ ವಿಭೂತಿ. ಟ್ಯಾಂಕು ಉಸಿರಾಡಲೆಂದು ಮುಚ್ಚಳ ಮಾಡಿದವನು ಇಟ್ಟ ತೂತು ಅದು. ಪಂಪು ಪೆಟ್ರೋಲು ಎಳೆದಷ್ಟೂ ಗಾಳಿ ಒಳಗೆ ಹೋಗದೆ ಟ್ಯಾಂಕು ಬಿಗಿದುಕೊಂಡು ಪೆಟ್ರೋಲನ್ನೇ ಹಿಡಿದಿಟ್ಟುಕೊಳ್ಳುತ್ತಿತ್ತು. ಗ್ಯಾರೇಜಿನಲ್ಲಿ ನಾವು ಪೈಪು ಬಿಚ್ಚಿದಾಗಲೆಲ್ಲ ಗಾಳಿ ಹಿಂದಿನಿಂದ ಒಳಗೆ ಹೋಗಿ ಸರಿಯಾಗುತ್ತಿತ್ತು, ನಾವು ಪರದೆ ಬದಲಿಸಿದ್ದಕ್ಕೆ ಸರಿಯಾಯಿತು ಎಂದುಕೊಳ್ಳುತ್ತಿದ್ದೆವು. ಗಾಜಿನ ಬಟ್ಟಲಿನ ಬೂದಿಯೂ ಹೀಗೆ ಟ್ಯಾಂಕು ಒಳಗೆಳೆದುಕೊಂಡ ವಿಭೂತಿಯೇ. ಮರುಳಪ್ಪನವರು ಕಳ್ಳನನ್ನು ಹಿಡಿಯಲು ಹಚ್ಚಿದ್ದು ಲಾರಿಯನ್ನು ನಿಲ್ಲಿಸುತ್ತಿತ್ತು. ಲಾರಿ ನಿಂತದ್ದಕ್ಕೆ ಕಳ್ಳ ಸಿಕ್ಕ ಎಂದು ಇನ್ನೂ ದಪ್ಪಗೆ ಹಚ್ಚುತ್ತಿದ್ದರು.

ನಾನು ರಸ್ತೆ ಬದಿಯ ಜಾಲಿಮುಳ್ಳು ಕಿತ್ತು ಕೊಟ್ಟೆ. ಅವರೇ ತೂತು ಬಿಡಿಸಿದರು. ಶಲ್ಯದ ಸೆರಗಿನಿಂದ ವಿಭೂತಿಯನ್ನೆಲ್ಲ ಒರೆಸಿ, ಉದುರಿದ್ದನ್ನು ಅರಳಿಮರದ ಬುಡಕ್ಕೆ ಹಾಕಿ ಬಂದರು.

ಮುನಿಸ್ವಾಮಿ ಹ್ಯಾಂಡಲ್ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದವನು ಮೆಲ್ಲಗೆ ನನ್ನ ಹತ್ತಿರ ಬಂದ.

“ಹಂಗಾದ್ರೆ ಭಟ್ರೇ, ನಾನು ಮನಸ್ಸಲ್ಲೂ ಕದ್ದಿಲ್ವಾ?”

ಅವನು ತಮಾಷೆಗೆ ಕೇಳಲಿಲ್ಲ. ಇಷ್ಟು ದಿನಗಳಲ್ಲಿ ತಾನು ಕಳ್ಳನೇ ಇರಬೇಕು ಎಂದು ಅವನು ನಂಬಿಬಿಟ್ಟಿದ್ದ. ನನ್ನ ಕಣ್ಣು ತುಂಬಿ ಬಂತು. ಇಲ್ಲ ಮಾರಾಯ, ನೀನು ಏನೂ ಕದ್ದಿಲ್ಲ ಎಂದೆ. ಅವನು ತಮಿಳಿನಲ್ಲಿ ದೇವರಿಗೆ ಏನೋ ಹೇಳಿ ಹ್ಯಾಂಡಲ್ ಹೊಡೆದ. ದೇವರನ್ನು ಕರೆದನೋ ಬೈದನೋ ನನಗೆ ತಿಳಿಯಲಿಲ್ಲ.

ಕಾರ್ಖಾನೆಯ ಚಿಮಣಿ ಕಾಣುವವರೆಗೂ ಲಾರಿ ಒಮ್ಮೆಯೂ ಕೆಮ್ಮಲಿಲ್ಲ. ಭದ್ರಾವತಿಯ ಅಂಗಡಿಯ ಮುಂದೆ ಇಳಿದಾಗ, ಭಾವಮೈದುನ ಓಡಿಬಂದು, ಇವತ್ತೂ ನಿಂತಿತ್ತಾ ಭಾವ, ಎಷ್ಟು ಕದ್ದ ಎಂದು ಕೇಳಿದ. ಮರುಳಪ್ಪನವರು ಅವನನ್ನು ಬಹಳ ಹೊತ್ತು ದಿಟ್ಟಿಸಿದರು.

“ಮೊದ್ಲು ಡ್ರೈವರಿಗೆ ಊಟ ಹಾಕಿಸು,” ಎಂದರು. “ನಿನ್ನ ಬಾಯಿಗೆ ಬೇಕಿತ್ತು ಆ ವಿಭೂತಿ.”

ಗ್ಯಾರೇಜಿಗೆ ಬಂದು ಉಸ್ತಾದರಿಗೆ ಹೇಳಿದೆ. ಅವರು ಒಂದಿಷ್ಟೂ ಆಶ್ಚರ್ಯಪಡದೆ, ನಾನು ಮೊದ್ಲೇ ಹೇಳಿರ್ಲಿಲ್ವಾ, ಹೊಳೆ ನೋಡು ಅಂತ ಎಂದರು. ಯಶಸ್ಸು ತನ್ನದು, ಸೋಲು ಶಿಷ್ಯನದು, ಅದಕ್ಕೇ ಉಸ್ತಾದ್ ಎನ್ನುವುದು. ನಾನು ದೊಡ್ಡವನಾದ ಮೇಲೆ ನಾನೂ ಹಾಗೆಯೇ ಮಾಡಿದೆ.

ಊರಿನಲ್ಲಿ ಮರುಳಪ್ಪನವರ ಕೈಗುಣದ ಸುದ್ದಿ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಗಾಡಿ ಮುಟ್ಟಿಕೊಡಿ ಎಂದು ಕರೆಯಲು ಬಂದವರಿಗೆ ಅವರು, ನನ್ನನ್ನೇನು ಕರೀತೀರಿ, ಮೊದ್ಲು ಮುಚ್ಚಳ ನೋಡಿ ಹೋಗ್ರಿ ಎಂದು ಗದರಿಸಿದರು. ಆಮೇಲೆ ಎಷ್ಟೋ ದಿನ ಶಿವಮೊಗ್ಗದ ಡ್ರೈವರುಗಳು ಗಾಡಿ ಎತ್ತುವ ಮುಂಚೆ ಟ್ಯಾಂಕಿನ ಮುಚ್ಚಳ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಸೋಮವಾರ ನಾನು ಪಂಪಿನ ನಟ್ಟು ಬಿಗಿಮಾಡಲು ಅವರ ಅಂಗಡಿಗೆ ಹೋಗಿದ್ದೆ. ಲಾರಿ ಸಾಮಾನು ತುಂಬಿ ನಿಂತಿತ್ತು. ಮರುಳಪ್ಪನವರು ಪೂಜೆ ಮುಗಿಸಿ, ಅಂಗೈಯಲ್ಲಿ ತೇದ ವಿಭೂತಿ ಹಿಡಿದು, ಅಭ್ಯಾಸಬಲದಿಂದ ನೆಟ್ಟಗೆ ಟ್ಯಾಂಕಿನ ಹತ್ತಿರ ಬಂದರು. ಮೂರು ಬೆರಳು ಮುಚ್ಚಳದವರೆಗೆ ಹೋದವು, ಅಲ್ಲೇ ನಿಂತವು. ಹಚ್ಚುವ ಹಾಗಿಲ್ಲ, ತೇದ ವಿಭೂತಿಯನ್ನು ಚೆಲ್ಲುವ ಹಾಗೂ ಇಲ್ಲ. ಅತ್ತಿತ್ತ ನೋಡಿದರು. ಮುನಿಸ್ವಾಮಿ ಪಕ್ಕದಲ್ಲೇ ಹ್ಯಾಂಡಲ್ ಹಿಡಿದು ನಿಂತಿದ್ದ. ಅವನ ಹಣೆಯ ಮೇಲೆ, ಈ ಕಡೆಯಿಂದ ಆ ಕಡೆಗೆ, ಮೂರು ಪಟ್ಟೆ ಎಳೆದರು.

“ಇಲ್ಲಿ ತೂತುಗೀತು ಏನೂ ಇಲ್ಲ ತಾನೆ?” ಎಂದು ಕೇಳಿದರು.

“ಇಲ್ಲ ಸಾಮಿ,” ಎಂದ ಮುನಿಸ್ವಾಮಿ. ತಲೆ ಬಗ್ಗಿಸಿಕೊಂಡೇ ಇದ್ದ, ಕೂಡಲೇ ಎತ್ತಲಿಲ್ಲ.

ಅವರು ಕ್ಷಮಿಸು ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಆ ಕಾಲದ ಸಾಹುಕಾರರ ಬಾಯಲ್ಲಿ ಆ ಮಾತು ಇರುತ್ತಿರಲಿಲ್ಲ.

ಮುನಿಸ್ವಾಮಿ ಹ್ಯಾಂಡಲ್ ಹೊಡೆದ. ಲಾರಿ ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದ, ಆಗಲಿಲ್ಲ. ಬಜಾರಿನವರು ಒಬ್ಬೊಬ್ಬರಾಗಿ ಸೇರತೊಡಗಿದರು. ಈ ಸಲ ಕ್ರಮ ತಪ್ಪದೆ ಹೊಳೆಯಿಂದಲೇ ಶುರುಮಾಡೋಣ ಎಂದು, ಮುಚ್ಚಳ ತೆಗೆದು ಒಳಗೆ ನೋಡಿದೆ. ಟ್ಯಾಂಕು ಒಣಗಿತ್ತು. ಯಾರೂ ಕದ್ದಿರಲಿಲ್ಲ. ಆ ವಾರದ ಗೊಂದಲದಲ್ಲಿ ಮರುಳಪ್ಪನವರು ಪೆಟ್ರೋಲು ಹಾಕಿಸುವುದನ್ನೇ ಮರೆತಿದ್ದರು.

ಅವರು ಒಮ್ಮೆ ಕೆಮ್ಮಿ, ಒಳಗೆ ಹೋಗಿ ಖಾಲಿ ಕ್ಯಾನು ತಂದು ಮುನಿಸ್ವಾಮಿಯ ಕೈಗೆ ಕೊಟ್ಟರು.

“ಹೋಗಿ ತಗೊಂಡ್ ಬಾ.”

“ನೀವು ಬರಲ್ವಾ ಸಾಮಿ?”

“ನಾನ್ಯಾಕೆ. ಅಂಗಡೀಲಿ ಕೆಲಸ ಇಲ್ವಾ ನನಗೆ?”

ಮುನಿಸ್ವಾಮಿ ಕ್ಯಾನು ಹಿಡಿದು, ಹಣೆಯ ವಿಭೂತಿ ಬೆವರಿಗೆ ಕರಗದ ಹಾಗೆ ತಲೆ ಎತ್ತಿಕೊಂಡು, ಬಜಾರಿನ ನಡುವೆ ನಡೆದುಹೋದ. ತುಸು ಹೊತ್ತಿಗೆ ಮರಳಿ ಬಂದು ಎಲ್ಲರೆದುರು ಟ್ಯಾಂಕಿಗೆ ಸುರಿದ. ಅಳೆಯುತ್ತಾರೆಂದು ಮುಚ್ಚಳ ಹಾಕದೆ ಕಾದ. ಮರುಳಪ್ಪನವರು ಆ ಕಡೆ ನೋಡಲೂ ಇಲ್ಲ. ಬಿದಿರು ಕೋಲು ಅವರ ಕೈಯಲ್ಲೇ ಇತ್ತು. ಅದರಿಂದ ಅವರು ಬೆಲ್ಲಕ್ಕೆ ಬಾಯಿ ಹಾಕಲು ಬಂದ ಒಂದು ಮೇಕೆಯನ್ನು ಅಟ್ಟುತ್ತಿದ್ದರು.